ಮತವಿಲ್ಲದ ಪೀಠ

ಶಾಸನಸಭೆಯ ಸದಸ್ಯನಿಗೆ ಆಸ್ತಿಯೆಂಬುದು ಎರಡೇ: ಸಭೆಯಲ್ಲಿ ತನ್ನ ಹಾಜರಿ, ಸಮಯಕ್ಕೆ ತನ್ನ ಮತ. ಇವುಗಳಲ್ಲಿ ಮತವನ್ನು ಬಿಟ್ಟುಕೊಟ್ಟು ಮೇಲಿನ ಪೀಠವನ್ನೇರಿದ ಕನ್ನಡಿಗರೊಬ್ಬರು ಕೃಷ್ಣೆಯ ಸೀಮೆಯವರು. ಹಿಪ್ಪರಗಿಯಂತೆಯೇ ಹಿಂದಿನ ಜಮಖಂಡಿ ತಾಲ್ಲೂಕಿಗೆ ಸೇರಿದ ಸಾವಳಗಿಯಲ್ಲಿ 1912ರ ಸೆಪ್ಟೆಂಬರ್ 10ರಂದು ಜನಿಸಿದ ಬಸಪ್ಪ ದಾನಪ್ಪ ಜತ್ತಿಯವರೇ ಅವರು.

ಜಮಖಂಡಿಯಲ್ಲಿ ವಕೀಲಿ ನಡೆಸುತ್ತಿದ್ದ ಜತ್ತಿಯವರ ಸಾರ್ವಜನಿಕ ಜೀವನ ಆರಂಭವಾದುದು ಊರಿನ ಪುರಸಭೆಯಲ್ಲಿ. ಅನಂತರ ಸಂಸ್ಥಾನದ ಶಾಸನಸಭೆ, ಮಂತ್ರಿಪದವಿ. 1948ರ ಮಾರ್ಚ್ 8ರಂದು ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ಲೀನವಾಯಿತು. ಜತ್ತಿಯವರು ಮುಂಬಯಿ ಶಾಸನಸಭೆಗೆ ನಡೆದರು. 1952ರ ಚುನಾವಣೆಯ ತರುವಾಯ ಮೊರಾರ್ಜಿ ದೇಸಾಯಿಯವರ ಸಂಪುಟದಲ್ಲಿ ಉಪಮಂತ್ರಿಗಳಾದರು. ರಾಜ್ಯಗಳ ಪುನರ್ವಿಂಗಡಣೆಯಾದ ಮೇಲೆ ಅವರ ಸ್ಥಾನ ಮೈಸೂರು ವಿಧಾನಸಭೆಗೆ ಬದಲಾಯಿತು. ಭೂಸುಧಾರಣಾ ಸಮಿತಿಯ ಅಧ್ಯಕ್ಷರಾಗಿದ್ದ ಅವರು 1958ರಲ್ಲಿ ಮುಖ್ಯಮಂತ್ರಿಗಳಾದರು. 1961ರ ಭೂಸುಧಾರಣಾ ಕಾಯಿದೆ ರೂಪುಗೊಂಡುದು ಅವರ ಆಡಳಿತದಲ್ಲಿಯೇ.

1974ರಲ್ಲಿ ಉಪರಾಷ್ಟ್ರಪತಿಗಳಾದ ಜತ್ತಿಯವರು ರಾಜ್ಯಸಭೆಯ ಸಭಾಪತಿಗಳೂ ಆದರು. ಆ ಪೀಠದ ವೈಚಿತ್ರ್ಯವನ್ನು ನೋಡಿರಿ! ಸಭೆಯನ್ನು ನಡೆಸುವವರು ಸಭೆಯ ಸದಸ್ಯರಲ್ಲ. ಮತಗಳು ಸರಿಸಮವಾದಾಗಲ್ಲದೆ ಅವರಿಗೆ ಮತವಿಲ್ಲ. ಅಮೆರಿಕದ ಸೆನೆಟ್ಟಿನಲ್ಲಿಯೂ ಇದೇ ಪದ್ಧತಿ. ಅಲ್ಲಿಯ ಪ್ರಥಮ ಉಪಾಧ್ಯಕ್ಷ ಜಾನ್ ಆಡಮ್ಸ್ ತಮ್ಮ ಎಂಟು ವರ್ಷಗಳಲ್ಲಿ 29 ಬಾರಿ ಇಂತಹ ನಿರ್ಣಾಯಕ ಮತವನ್ನು ನೀಡಿದರು.

1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದರು ನಿಧನರಾದರು. ಜತ್ತಿಯವರು ಹಂಗಾಮಿ ರಾಷ್ಟ್ರಪತಿಗಳಾದರು. ಸಂವಿಧಾನದ ನಿಯಮದಂತೆ ಆ ಅವಧಿಯಲ್ಲಿ ಸಭಾಪತಿಯ ಕಾರ್ಯವನ್ನೂ ಬಿಡಬೇಕಾಯಿತು. ಮಾರ್ಚಿಯಲ್ಲಿ ಮೊರಾರ್ಜಿಯವರಿಗೆ ಪ್ರಧಾನಿಯ ಪ್ರಮಾಣವಚನವನ್ನು ಬೋಧಿಸಿದವರು ಒಂದು ಕಾಲದ ಅವರ ಉಪಮಂತ್ರಿಗಳೇ!

ಮರುತಿಂಗಳೇ ಪರೀಕ್ಷೆ ಬಂದಿತು. ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಬೇಕೆಂದು ಹೊಸ ಸರಕಾರ ನಿಶ್ಚಯಿಸಿತು. ರಾಜ್ಯಗಳ ದಾವೆಗಳನ್ನು ಏಪ್ರಿಲ್ 29ರಂದು ಸುಪ್ರೀಂ ಕೋರ್ಟು ವಜಾ ಮಾಡಿತು. ಆದರೂ ಜತ್ತಿಯವರ ಲೇಖನಿ ಒಡನೆಯೇ ಚಲಿಸಲಿಲ್ಲ. ಜನರಿಂದ ಆಯ್ಕೆಯಾಗಿ ಬಂದ ಶಾಸಕರ ಸ್ಥಾನಗಳು ಒಂದು ಸಹಿಯಿಂದ ಬರಿದಾಗಲಿದ್ದವು. ಆದರೆ 1976ರ 42ನೆಯ ತಿದ್ದುಪಡಿಯಂತೆ ಸಂಪುಟದ ಸಲಹೆಗೆ ರಾಷ್ಟ್ರಪತಿ ಬದ್ಧರು. ಏಪ್ರಿಲ್ 30ರಂದು ಅಂಕಿತ ಬಿದ್ದಿತು. ಸಲಹೆಯನ್ನು ಮರುಪರಿಶೀಲನೆಗೆಂದು ಒಮ್ಮೆ ಹಿಂದಿರುಗಿಸುವ ಅಧಿಕಾರ ರಾಷ್ಟ್ರಪತಿಗಳಿಗೆ ದೊರೆತುದು 1978ರ 44ನೆಯ ತಿದ್ದುಪಡಿಯಿಂದ.

ಜುಲೈ 25ರಂದು ನೀಲಂ ಸಂಜೀವ ರೆಡ್ಡಿಯವರು ರಾಷ್ಟ್ರಪತಿಗಳಾದಾಗ ಜತ್ತಿಯವರು ತಮ್ಮ ಮತವಿಲ್ಲದ ಪೀಠಕ್ಕೆ ಮರಳಿದರು. 2002ರ ಜೂನ್ 7ರಂದು ಅವರು ದಿವಂಗತರಾದರು. ಮತವನ್ನು ಚಲಾಯಿಸುವುದಕ್ಕೆ ಧೈರ್ಯ ಬೇಕು, ನಿಜ; ಮತವಿಲ್ಲದ ಪೀಠದಲ್ಲಿ ಕುಳಿತು ನಿಯಮಕ್ಕೆ ತಲೆಬಾಗುವುದಕ್ಕೆ ಅದಕ್ಕಿಂತಲೂ ಹೆಚ್ಚಿನ ಸಂಯಮ ಬೇಕು.