ದರದ ಬೆನ್ನಿಗೆ ಬಂದ ಟಿಣ್ ಸದ್ದು

ಕಳಸದ ಕಡೆಯ ಕಾಫಿ ತೋಟಗಳಲ್ಲಿ ಸಿಗ್ನಲ್ ಸಿಗುವುದು ಯಾವ ದಿಬ್ಬದಲ್ಲಿ, ಯಾವ ತಿರುವಿನಲ್ಲಿ ಎಂದು ಮನೆಮಂದಿಗೆಲ್ಲ ಗೊತ್ತಿರುತ್ತದೆ. ಕೊಟ್ಟಿಗೆಹಾರ ದಾಟಿ ಮೂಡಿಗೆರೆ ಹತ್ತಿರವಾದಂತೆ ಜೇಬಿನ ಫೋನು ಒಂದೇ ಸಮನೆ ಟಿಣ್ ಎನ್ನುತ್ತದೆ. ರೋಬಸ್ಟಾ ಚೆರಿ ದರ ಒಂದು. ಅದರ ಬೆನ್ನಿಗೆ ಸಾಲದ ಆ್ಯಪ್, ರಮ್ಮಿ, ಬೊಜ್ಜು ಕರಗಿಸುವ ಪುಡಿ.

ದರಕ್ಕೆ ಹೀಗೆ ಕಿವಿಗೊಡುವ ಅಭ್ಯಾಸ ಇಲ್ಲಿ ತೀರಾ ಹಳೆಯದಲ್ಲ. 1942ರ ಕಾಫಿ ಕಾಯ್ದೆ ಬಂದ ಮೇಲೆ ದಶಕಗಳ ಕಾಲ ಬೆಳೆಯನ್ನೆಲ್ಲ ಕಾಫಿ ಬೋರ್ಡಿನ ಪೂಲ್‌ಗೆ ಹಾಕಬೇಕಿತ್ತು. ಬೋರ್ಡು ಹರಾಜು ಹಾಕಿ ಕಂತಿನಲ್ಲಿ ದುಡ್ಡು ಕೊಡುತ್ತಿತ್ತು. ಇವತ್ತಿನ ರೇಟು ತಿಳಿದು ಆಗಬೇಕಾದ್ದೇನೂ ಇರಲಿಲ್ಲ. ಆ ಪದ್ಧತಿ ಹಂತಹಂತವಾಗಿ ಸಡಿಲಗೊಂಡು 1996ರ ಹೊತ್ತಿಗೆ ಮುಗಿಯಿತು. ಅಲ್ಲಿಂದ ಲಂಡನ್ನಿನ ರೋಬಸ್ಟಾ, ನ್ಯೂಯಾರ್ಕಿನ ಅರೇಬಿಕಾ ಏರಿಳಿತ ನಮ್ಮ ಕಣದವರೆಗೂ ಬಂತು. 50 ಕೆ.ಜಿ. ಮೂಟೆಗೆ ಎಷ್ಟು ಎನ್ನುವುದೇ ದಿನದ ಮೊದಲ ಸುದ್ದಿಯಾಯಿತು. ಪತ್ರಿಕೆ, ಎಸ್ಸೆಮ್ಮೆಸ್, ವಾಟ್ಸ್ಆ್ಯಪ್ ಗುಂಪು, ವೆಬ್‌ಸೈಟು ಎಂದು ದಾರಿ ಬದಲಾದರೂ ಹಸಿವು ಒಂದೇ.

ಆ ಹಸಿವಿಗೆ ಬೆಲೆ ಕಟ್ಟಿದ್ದು ಜಾಹೀರಾತು ಲೋಕ. 2009ರಲ್ಲಿ ಆ್ಯಪಲ್, ಮರುವರ್ಷ ಗೂಗಲ್, ಆ್ಯಪ್ ತೆರೆಯದಿದ್ದರೂ ಫೋನಿಗೆ ಸಂದೇಶ ತಲುಪಿಸುವ ವ್ಯವಸ್ಥೆ ತಂದವು. 2015ರಲ್ಲಿ ಕ್ರೋಮ್ ಅದೇ ಸೌಕರ್ಯವನ್ನು ವೆಬ್‌ಸೈಟುಗಳಿಗೂ ಕೊಟ್ಟಿತು. ದರ ನೋಡಲು ಹೋದವರು ಅಡ್ಡ ಬಂದ ‘ಅಲೋ’ ಒತ್ತಿದರೆ ಸಾಕು, ಅವರ ಬ್ರೌಸರಿಗೊಂದು ವಿಳಾಸ ಹುಟ್ಟುತ್ತದೆ. ಅದು ಜಾಹೀರಾತು ಜಾಲದ ಕೈಸೇರಿದರೆ ಅಲ್ಲೂ ಹರಾಜೇ. ಎಷ್ಟೋ ಕಡೆ ಕ್ಲಿಕ್ಕಿಗಿಷ್ಟು ಎಂದು ಲೆಕ್ಕ. ಹೊಸದಾಗಿ ಒತ್ತಿದವರಿಗೆ ಬೆಲೆ ಹೆಚ್ಚು. ವಾರಗಳು ಕಳೆದಂತೆ ಸದ್ದಿಗೆ ಕಿವಿ ಒಗ್ಗಿ, ಬೆರಳು ಏಳದೆ, ಬೆಲೆ ಇಳಿಯುತ್ತದೆ. ಕಾಫಿಯಂತೆ ಗ್ರೇಡಿಂಗ್ ಬೇರೆ! ಅಮೆರಿಕದ ಓದುಗ ‘ಪ್ಲಾಂಟೇಶನ್ ಎ’ ಆದರೆ ನಾವು ಬಿಟ್ಸ್.

ಮೂಡಿಗೆರೆ ಹತ್ತಿರ ಒಂದೇ ಸಮನೆ ಟಿಣ್ ಎನ್ನುವುದಕ್ಕೂ ಕಾರಣವಿದೆ. ಸಿಗ್ನಲ್ ಇಲ್ಲದ ಆಂಡ್ರಾಯ್ಡ್ ಫೋನಿಗೆ ಬಂದ ಸಂದೇಶವನ್ನು ಗೂಗಲ್ ಸರ್ವರ್ 28 ದಿನಗಳವರೆಗೂ ಕಾದಿಡಬಲ್ಲದು. ಬೊಜ್ಜಿನ ಪುಡಿಗೆ ಅದು ನಡೆದೀತು. ಕಾಫಿ ದರಕ್ಕೆ ನಡೆಯದು. ಮೊನ್ನೆಯ ರೇಟು ಹಿಡಿದು ಹೋದರೆ ವ್ಯಾಪಾರಿ ನಗುತ್ತಾನೆ.

ಕಾಟ ಅತಿಯಾದ ಮೇಲೆ 2020ರಲ್ಲಿ ಫೈರ್‌ಫಾಕ್ಸ್, ಕ್ರೋಮ್ ಎರಡೂ ವೆಬ್‌ಸೈಟುಗಳು ‘ಅಲೋ’ ಅನುಮತಿ ಕೇಳುವ ಚಾಳಿಗೆ ಕಡಿವಾಣ ಹಾಕಿದವು. ಆದರೆ ಹಿಂದೆ ಒತ್ತಿದ ‘ಅಲೋ’ಗಳು ಎಷ್ಟೋ ಫೋನುಗಳಲ್ಲಿ ಇನ್ನೂ ಕೂತಿವೆ. ಕ್ರೋಮ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್ ತೆರೆಯಿರಿ. ಕೊಯ್ಲಿನ ಗಡಿಬಿಡಿ ಶುರುವಾಗುವ ಮೊದಲೇ, ದರ ಹೇಳುವ ಸೈಟನ್ನು ಉಳಿಸಿಕೊಂಡು ಮಿಕ್ಕವನ್ನೆಲ್ಲ ತೆಗೆದುಬಿಡಿ.