ಎತ್ತು ಈಯಿತು! ಅರಗಿನ ಚಪ್ಪಲಿ ಕರಗಿತು!

ಒಂದು ಪಂದ್ಯ ಕಟ್ಟೋಣವೇ?

ನಾಲ್ಕು ಇಂಗ್ಲಿಷ್ ಪದ ಹೇಳುತ್ತೇನೆ. ಆಬ್ಸರ್ಡ್. ರಿಡಿಕ್ಯುಲಸ್. ಲೂಡಿಕ್ರಸ್. ಪ್ರಿಪಾಸ್ಟರಸ್. ನಿಘಂಟು ತೆರೆದರೆ ನಾಲ್ಕಕ್ಕೂ ಹೆಚ್ಚುಕಡಿಮೆ ಒಂದೇ ಉತ್ತರ: ಅಸಂಬದ್ಧ, ಹಾಸ್ಯಾಸ್ಪದ, ತಲೆಬುಡವಿಲ್ಲದ್ದು. ಆದರೆ ಪ್ರತಿಯೊಂದರ ಹೊಟ್ಟೆಯಲ್ಲೂ ಬೇರೆ ಬೇರೆ ಗುಟ್ಟು! ಒಂದರಲ್ಲಿ ನಗು. ಒಂದರಲ್ಲಿ ಆಟ. ಒಂದರಲ್ಲಿ ಸಂಗೀತ!

ಸಂಗೀತ ಯಾವುದರಲ್ಲಿ? ಊಹಿಸಿ!

ಆಬ್ಸರ್ಡ್! ಲ್ಯಾಟಿನ್ನಿನ ‘ಅಬ್ಸುರ್ದುಸ್’ ಅಂದರೆ ಅಪಸ್ವರ. ಶ್ರುತಿ ತಪ್ಪಿದ ದನಿ. ಎರಡು ಸಾವಿರ ವರ್ಷಗಳಾಚೆ ರೋಮಿನ ಸಿಸೆರೊ ಕರ್ಕಶ ದನಿಯ ಭಾಷಣಕಾರರ ಬಗ್ಗೆ ಹೇಳುವಾಗ ಬಳಸಿದ ಪದ ಇದು. ಕಿವಿಗೆ ಒಗ್ಗದ್ದು ಬರಬರುತ್ತ ಬುದ್ಧಿಗೆ ಒಗ್ಗದ್ದಾಯಿತು, ನೋಡಿ!

ರಿಡಿಕ್ಯುಲಸ್‌ನಲ್ಲಿ ನಗು, ಲೂಡಿಕ್ರಸ್‌ನಲ್ಲಿ ಆಟ. ಅವೆರಡು ಸುಲಭ, ಮುಂದೆ ಹೋಗೋಣ. ಏಕೆಂದರೆ ನಾನು ನಿಮ್ಮನ್ನು ಹಿಡಿದು ನಿಲ್ಲಿಸಿದ್ದು ನಾಲ್ಕನೆಯದರ ಸಲುವಾಗಿ.

ಪ್ರಿಪಾಸ್ಟರಸ್!

ಸುಳಿವು ಕೊಡುತ್ತೇನೆ. ಈ ಪದದ ಎರಡು ತುಂಡುಗಳು ಒಂದಕ್ಕೊಂದು ಜಗಳ ಆಡುತ್ತವೆ. ‘ಪ್ರೇ’ ಅಂದರೆ ಮುಂದೆ. ‘ಪೋಸ್ತೆರುಸ್’ ಅಂದರೆ ಹಿಂದೆ ಬರುವಂಥದ್ದು. ಈಗ ಜೋಡಿಸಿ! ಹಿಂದಿರಬೇಕಾದ್ದು ಮುಂದಿದೆ! ಕೊನೆಯದು ಮೊದಲಿಗೆ ಬಂದು ಕೂತಿದೆ!

ಹದಿನಾರನೇ ಶತಮಾನದಲ್ಲಿ ಇದು ಇಂಗ್ಲಿಷಿಗೆ ಬಂತು. ಆಗ ‘ಕ್ರಮ ಉಲ್ಟಾ ಆಗಿದೆ’ ಎಂಬ ಅರ್ಥವೂ ಜೀವಂತವಾಗಿತ್ತು. ಶೇಕ್ಸ್‌ಪಿಯರನ ಪಕ್ ಎಂಬ ತುಂಟನಿಗೆ ಖುಷಿ ಕೊಡುವುದೇ ಇಂಥ ಉಲ್ಟಾ ಸಂಗತಿಗಳು. ಅವನಿರುವ ನಾಟಕದಲ್ಲಿ ಯಕ್ಷಲೋಕದ ರಾಣಿ ಕತ್ತೆತಲೆಯ ನೇಕಾರನಿಗೆ ಮನಸೋಲುತ್ತಾಳೆ. ಇನ್ನೇನು ಬೇಕು!

ಈಗ ಬಳಕೆ ಹೇಗೆ? ಬಸ್ಸು ಒಂದು ಗಂಟೆ ತಡವಾಯಿತೇ? ಅದು ಪ್ರಿಪಾಸ್ಟರಸ್ ಅಲ್ಲ, ಮಾಮೂಲು. ಕೊಳ್ಳೇಗಾಲದಿಂದ ಮಾದಪ್ಪನ ಬೆಟ್ಟಕ್ಕೆ ಬಸ್ ಟಿಕೆಟ್ ಐದು ಸಾವಿರ ರೂಪಾಯಿ ಅಂದರೋ? ಅದು ಪ್ರಿಪಾಸ್ಟರಸ್! ಬೆಲೆ, ವಾದ, ನೆಪ, ಆರೋಪ — ಇವುಗಳ ಪಕ್ಕ ಈ ಪದ ಚೆನ್ನಾಗಿ ಕೂರುತ್ತದೆ. ಕೇಳಿದ ತಕ್ಷಣ ಬುದ್ಧಿ ಎದ್ದು ನಿಂತು ‘ಇದು ಹೇಗೆ ಸಾಧ್ಯ!’ ಎಂದು ಕೂಗಬೇಕು. ಆಗ ಮಾತ್ರ ತೆಗೆಯಬೇಕಾದ ಪದ.

ನಮ್ಮ ಗಾದೆಯೊಂದು ಇದನ್ನು ಒಂದೇ ಏಟಿಗೆ ಹೇಳಿಬಿಡುತ್ತದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ! ಎತ್ತು ಈದ ಸುದ್ದಿ ಪ್ರಿಪಾಸ್ಟರಸ್. ಹಗ್ಗ ಹುಡುಕಲು ಹೊರಟವನು ರಿಡಿಕ್ಯುಲಸ್. ಎರಡು ಪದಗಳ ನಡುವಿನ ಗೆರೆ ಒಂದು ಕೊಟ್ಟಿಗೆಯ ಬಾಗಿಲಲ್ಲೇ ಸಿಕ್ಕಿತು!

ಸರಿ. ಈಗ ನಿಜವಾದ ಬೆರಗಿಗೆ ಬನ್ನಿ. ಹಿಂದಿನದು ಮುಂದಾಗುವುದನ್ನೇ ರಾತ್ರಿಯಿಡೀ ಹಾಡುವ ಸೀಮೆಯೊಂದು ಇದೆ ಅಂದರೆ ನಂಬುತ್ತೀರಾ?

ಇದೆ! ಚಾಮರಾಜನಗರ ಜಿಲ್ಲೆ, ಹನೂರು ತಾಲ್ಲೂಕು, ರಾಮಾಪುರ. ಮಲೆ ಮಹದೇಶ್ವರನ, ಅಂದರೆ ಮಾದಪ್ಪನ ನೆಲ. ಎಪ್ಪತ್ತೇಳು ಮಲೆಯ ಒಡೆಯನ ಕತೆಯನ್ನು ದೇವರಗುಡ್ಡರು ಕಂಸಾಳೆ ಹಿಡಿದು ಹಾಡುವ ನೆಲ. ಬಲಗೈಯ ಕಂಚಿನ ತಾಳ ದಾರದಲ್ಲಿ ತೂಗಿ ಬಂದು ಎಡಗೈಯ ಬಟ್ಟಲಿಗೆ ಬಡಿಯುತ್ತದೆ. ಇಲ್ಲಿ ಅಪಸ್ವರಕ್ಕೆ ಜಾಗವಿಲ್ಲ. ಆದ್ದರಿಂದ ಆಬ್ಸರ್ಡ್ ಆಚೆಗಿರಲಿ. ಪ್ರಿಪಾಸ್ಟರಸ್? ಓಹೋ, ರಾಶಿ ರಾಶಿ!

ಮೊದಲು ವಾಹನ ನೋಡಿ. ದನಕುರಿ ಕಾಯುವವರ ದೇವರು. ಅವನು ಏರಿದ್ದು ಎತ್ತನ್ನೇ? ಕುದುರೆಯನ್ನೇ? ಹುಲಿಯನ್ನು! ದನಕ್ಕೆ ಪರಮ ವೈರಿ ಯಾರೋ ಅವನ ಬೆನ್ನ ಮೇಲೆಯೇ ದನಗಾಹಿಗಳ ಮಾದಪ್ಪ ಸವಾರಿ ಹೊರಟಿದ್ದಾನೆ!

ಇನ್ನು ಮಾದಪ್ಪನ ಕತೆಯಲ್ಲಿ ಬರುವ ಶ್ರವಣ ದೊರೆಯ ಭಾಗ. ಶ್ರವಣ ಒಬ್ಬ ರಾಕ್ಷಸ ದೊರೆ. ಅವನ ಮನೆಯಲ್ಲಿ ಜೀತಕ್ಕಿರುವವರು ಯಾರು, ಹೇಳಿ?

ದೇವತೆಗಳು!

ಒಬ್ಬಿಬ್ಬರಲ್ಲ, ದೇವಲೋಕಕ್ಕೆ ದೇವಲೋಕವೇ ಅವನ ಸೆರೆಯಲ್ಲಿ! ಸ್ವರ್ಗ ಕೆಳಗೆ, ರಾಕ್ಷಸ ಮೇಲೆ. ಬಿಡಿಸಲು ಬಂದ ಮಾದಪ್ಪ ಸೈನ್ಯ ಕಟ್ಟಿಕೊಂಡು ಬಂದನೇ? ಇಲ್ಲ! ತಾನೂ ಆಳಾಗಿಯೇ ಒಳಗೆ ಸೇರಿಕೊಂಡ.

ಅಂಥ ದೊರೆಯನ್ನು ಕೊಲ್ಲುವ ಆಯುಧ ಯಾವುದು? ತ್ರಿಶೂಲವೇ? ಚಕ್ರವೇ? ಬಾಣವೇ? ಇನ್ನೊಂದು ಸಲ ಯೋಚಿಸಿ. ಸೋತಿರಾ?

ಒಂದು ಜೊತೆ ಚಪ್ಪಲಿ!

ಅರಗಿನ ಚಪ್ಪಲಿ! ಮಾಡಿಕೊಟ್ಟವನು ಹರಳಯ್ಯ, ಚರ್ಮದ ಕೆಲಸದವನು. ದೇವಾನುದೇವತೆಗಳ ಕೈಲಾಗದ್ದು ಅವನ ಕೈಯಲ್ಲಿ ಆಯಿತು! ಥಳಥಳ ಹೊಳೆಯುವ ಪಾದರಕ್ಷೆ ಕಂಡು ದೊರೆ ಮರುಳಾದ. ಮೆಟ್ಟಿಕೊಂಡ. ಕಾದ ಬಂಡೆಯ ಮೇಲೆ ಕಾಲಿಟ್ಟ. ಅರಗು ಎಷ್ಟು ಬಿಸಿಗೆ ಕರಗುತ್ತದೆ ಗೊತ್ತೇ? ನೀರು ಕುದಿಯುವಷ್ಟು ಬಿಸಿಯೂ ಬೇಡ! ಚಪ್ಪಲಿ ಕರಗಿತು, ಕಾಲು ಅಂಟಿತು, ದೊರೆಯ ಕತೆ ಅಲ್ಲಿಗೆ ಮುಗಿಯಿತು. ಮೂರು ಲೋಕ ಗೆದ್ದವನ ಸಾವು ಅಂಗಾಲಿನಿಂದ ಹತ್ತಿತು! ಈ ಕತೆ ಕಟ್ಟಿದವರ ತಲೆಗೆ ನಾನಂತೂ ಅಡ್ಡಬಿದ್ದೆ.

ಇದೇ ಸೀಮೆಯಲ್ಲಿ ಇನ್ನೊಂದು ಹಾಡು ಇದೆ. ನೀಲಗಾರರೆಂಬ ಹಾಡುಗಾರರ ತಂಬೂರಿಯದು. ಅವರ ಗುರು ಮಂಟೇಸ್ವಾಮಿಯದು. ಒಕ್ಕಲಿನವರು ಮಂಟೇಸ್ವಾಮಿಯನ್ನು ಕರೆಯುವುದು ‘ಧರೆಗೆ ದೊಡ್ಡವರು’ ಎಂದು. ಭೂಮಿಗೇ ದೊಡ್ಡವರು! ಅಂಥ ದೊಡ್ಡವರು ಕಲ್ಯಾಣಕ್ಕೆ ಬಂದು ಎಲ್ಲಿದ್ದರು?

ತಿಪ್ಪೆಯಲ್ಲಿ!

ಮೈತುಂಬ ಕೀವು ಸೋರುವ ಕುಷ್ಠರೋಗಿಯ ವೇಷ. ನಾತ ತಡೆಯಲಾರದೆ ಜಂಗಮರು ಓಡಿಸಿದ್ದರು. ಆಗ ಕಲ್ಯಾಣದಲ್ಲಿ ಇದ್ದ ಜಂಗಮರು ಎಷ್ಟು ಮಂದಿ? ನೂರೇ? ಸಾವಿರವೇ? ಕತೆಯ ಲೆಕ್ಕ ಕೇಳಿ: 1,96,000! ಲಕ್ಷದ ಮೇಲೆ ತೊಂಬತ್ತಾರು ಸಾವಿರ! ಅಷ್ಟು ಜನರಲ್ಲಿ ಗುರುವನ್ನು ಗುರುತು ಹಿಡಿದವರು ಯಾರೂ ಇಲ್ಲ.

ಬಸವಣ್ಣ, ನೀಲಮ್ಮ ಬಂದರು. ಎಬ್ಬಿಸಲು ಕೈ ಹಿಡಿದರು. ಕೈ ಕಿತ್ತು ಬಂತು! ಕಾಲು ಹಿಡಿದರು. ಕಾಲೂ ಬಂತು! ಬಿದ್ದ ಅಂಗಗಳನ್ನು ಒಂದೊಂದೇ ಆರಿಸಿ, ಕುಕ್ಕೆಯಲ್ಲಿ ತುಂಬಿಕೊಂಡು ಹೊರಟರು! ಶಿಷ್ಯರು ಗುರುವನ್ನು ಪಲ್ಲಕ್ಕಿಯಲ್ಲಿ ಹೊರುವುದುಂಟು. ಬಿಡಿಬಿಡಿಯಾಗಿ ಕುಕ್ಕೆಯಲ್ಲಿ? ಇದರ ಪಕ್ಕ ಯುರೋಪನ್ನು ಇಟ್ಟು ನೋಡಿ.

ಪ್ಯಾರಿಸ್‌ನಲ್ಲಿ 1953ರ ಜನವರಿಯಲ್ಲಿ ಬೆಕೆಟ್‌ನ ‘ಗೋಡೋ’ ನಾಟಕ ರಂಗಕ್ಕೆ ಬಂದಾಗ ಯುರೋಪು ಬೆಚ್ಚಿತು. ಒಂದು ಮರ, ಇಬ್ಬರು ಕಾಯುವವರು, ಬಾರದ ಒಬ್ಬ. 1961ರಲ್ಲಿ ಮಾರ್ಟಿನ್ ಎಸ್ಲಿನ್ ಪುಸ್ತಕ ಬರೆದು ಈ ಬಗೆಯ ನಾಟಕಕ್ಕೆ ಆಬ್ಸರ್ಡ್ ಎಂಬ ಹೆಸರು ಅಂಟಿಸಿದ. ನಮ್ಮವರು ಅದನ್ನು ‘ಅಸಂಗತ’ ಅಂದರು, ತಾವೂ ಬರೆದರು. ಒಳ್ಳೆಯದೇ. ಆದರೆ ಗುರುವಿನ ಕೈ ಕಿತ್ತು ಬರುವ ದೃಶ್ಯವನ್ನು ಕೊಳ್ಳೇಗಾಲದ ಕಡೆಯ ಜನ ತಲೆತಲೆಮಾರಿನಿಂದ ಕಂಬಳಿ ಹೊದ್ದು ಕೂತು ಕೇಳುತ್ತಿದ್ದರಲ್ಲ! ಬೆಚ್ಚದೆ! ನಡುನಡುವೆ ನಗುತ್ತ!

ಇನ್ನೂ ಒಂದಿದೆ. ಹೇಳದೆ ಬಿಡಲಾರೆ.

ಚಿಕ್ಕಲ್ಲೂರಿನ ಸಿದ್ದಪ್ಪಾಜಿ ಗೊತ್ತಲ್ಲ? ಪುಷ್ಯದ ಹುಣ್ಣಿಮೆಗೆ ಚಂದ್ರಮಂಡಲ ಹೊತ್ತಿಸಿ ಐದು ದಿನ ಜಾತ್ರೆ ನಡೆಯುವುದು ಅವರಿಗೆ. ಮಂಟೇಸ್ವಾಮಿ ಈ ಶಿಷ್ಯನನ್ನು ಭಿಕ್ಷೆಗೆ ಕಳಿಸಿದರು. ಏನು ಬೇಡಿ ತರಲು? ರಾಗಿ? ಅಕ್ಕಿ? ಕಾಸು?

ಕಬ್ಬಿಣ!

ಜೋಳಿಗೆ ಹಿಡಿದು ಕಬ್ಬಿಣ ಬೇಡುವ ಭಿಕ್ಷುಕನನ್ನು ಎಲ್ಲಾದರೂ ಕಂಡಿದ್ದೀರಾ? ಬೇಡಬೇಕಾದ್ದು ಹಲಗೂರಿನ ಪಾಂಚಾಳರ ಹತ್ತಿರ. ಕುಲುಮೆಯ ಜನ. ಕಬ್ಬಿಣವೇ ಅವರ ಅನ್ನ, ಸುಲಭವಾಗಿ ಕೊಟ್ಟಾರೆಯೇ? ವಿಷದೂಟ ಇಕ್ಕಿದರು. ಸಿದ್ದಪ್ಪಾಜಿ ಉಂಡರು, ಬದುಕಿದರು!

ಅವರ ಮೊದಲ ಹೆಸರು ಹೇಳಲೇ? ಗುರು ಬಂದು ಕರೆದೊಯ್ಯುವ ಮುಂಚಿನದು?

ಕೆಂಪಾಚಾರಿ! ಹೌದು, ಆಚಾರಿ! ಕುಲುಮೆಯ ಮನೆಯಲ್ಲೇ ಹುಟ್ಟಿದ ಮಗ, ತನ್ನ ಕುಲದವರ ಬಾಗಿಲಲ್ಲೇ ಜೋಳಿಗೆ ಒಡ್ಡಿ ಕಬ್ಬಿಣ ಕೇಳುತ್ತ ನಿಂತಿದ್ದ!