ಸರ್ಟಿಫಿಕೇಟ್ ಬಂತು, ಕ್ರೆಡಿಟ್ ಬಂತಾ?

ಹಿರೇಗುತ್ತಿಯಿಂದ ದಿನಾ ಬಸ್ ಹತ್ತಿ ಕುಮಟಾಕ್ಕೆ ಹೋಗುವ ಬಿಕಾಂ ವಿದ್ಯಾರ್ಥಿನಿಯೊಬ್ಬಳು ಮೊನ್ನೆ ಮೊಬೈಲ್ ಮುಂದೆ ಹಿಡಿದು ಕೇಳಿದಳು: ‘ಆನ್‌ಲೈನ್‌ನಲ್ಲಿ ಅಕೌಂಟಿಂಗ್ ಕೋರ್ಸ್ ಮುಗಿಸಿದ್ದೀನಿ, ಸರ್ಟಿಫಿಕೇಟೂ ಬಂದಿದೆ. ಇನ್ನು ಕಾಲೇಜಲ್ಲಿ ಆ ಪೇಪರ್ ಬರೀಬೇಕಾ?’

ಬರೀಬೇಕು. ಅವಳು ಮಾಡಿದ್ದು ಖಾಸಗಿ ಆ್ಯಪ್ ಒಂದರ ಕೋರ್ಸು, ದುಡ್ಡು ಕೊಟ್ಟು ಮಾಡಿದ್ದು. ‘ಎನ್‌ಇಪಿ ಬಂದಮೇಲೆ ಎಲ್ಲಾ ಕೋರ್ಸೂ ಡಿಗ್ರಿಗೆ ಸೇರುತ್ತೆ’ ಅಂತ ಯಾರೋ ಹೇಳಿದ್ದನ್ನು ನಂಬಿದ್ದಳು. ಈ ಮಾತು ಅರ್ಧ ಸತ್ಯ. ಸಮಸ್ಯೆ ಇರುವುದು ಉಳಿದ ಅರ್ಧದಲ್ಲಿ.

ಕೋರ್ಸ್ ಮುಗಿಸಿದ್ದಕ್ಕೆ ಸಿಗುವ ಪ್ರಮಾಣಪತ್ರ ಬೇರೆ, ಕ್ರೆಡಿಟ್ ಬೇರೆ. ಪ್ರಮಾಣಪತ್ರವನ್ನು ಯಾರು ಬೇಕಾದರೂ ಕೊಡಬಹುದು. ಕ್ರೆಡಿಟ್ ಎಂದರೆ ‘ಈ ಕಲಿಕೆ ನಮ್ಮ ಪದವಿಯ ಇಷ್ಟು ಭಾಗಕ್ಕೆ ಸಮ’ ಎಂದು ಪದವಿ ಕೊಡುವ ವಿಶ್ವವಿದ್ಯಾಲಯ ಒಪ್ಪಿಕೊಳ್ಳುವುದು. ಆ ಒಪ್ಪಿಗೆ ಇಲ್ಲದಿದ್ದರೆ ಎಂಥ ದೊಡ್ಡ ಸಂಸ್ಥೆಯ ಸರ್ಟಿಫಿಕೇಟೂ ಅಂಕಪಟ್ಟಿಯೊಳಗೆ ಬರುವುದಿಲ್ಲ. ನಾನೂ ಎಂಜಿನಿಯರಿಂಗ್ ಮುಗಿಸಿದ ಮೇಲೆ ಇಂಥವನ್ನು ರಾಶಿ ಹಾಕಿಕೊಂಡವನೇ. ಎಲ್ಲಾ ಒಂದು ಫೋಲ್ಡರ್‌ನಲ್ಲಿ ಮಲಗಿವೆ.

ಹಾಗಾದರೆ ಆನ್‌ಲೈನ್ ಕ್ರೆಡಿಟ್ ಅನ್ನುವುದು ಸುಳ್ಳಾ? ಅಲ್ಲ. 2017ರಲ್ಲಿ ಶುರುವಾದ ಕೇಂದ್ರ ಸರ್ಕಾರದ ‘ಸ್ವಯಂ’ ವೇದಿಕೆಯ ಕೋರ್ಸ್‌ಗಳನ್ನು ಪದವಿಗೆ ಸೇರಿಸಿಕೊಳ್ಳಲು ಯುಜಿಸಿ ನಿಯಮವೇ ಇದೆ. 2016ರ ನಿಯಮದಲ್ಲಿ ಒಂದು ಸೆಮಿಸ್ಟರ್‌ನ ಶೇ 20ರಷ್ಟು ಕೋರ್ಸ್‌ಗಳಿಗೆ ಅವಕಾಶವಿತ್ತು. 2021ರಲ್ಲಿ ಅದನ್ನು ಶೇ 40ಕ್ಕೆ ಏರಿಸಿದರು. ಗಮನಿಸಿ, ಇದು ಗರಿಷ್ಠ ಮಿತಿ. ನಿಮಗೆ ಶೇ 40 ಸಿಕ್ಕೇ ಸಿಗುತ್ತದೆ ಎಂಬ ಭರವಸೆ ಅಲ್ಲ. ಯಾವ ಕೋರ್ಸ್ ಯಾವ ಪೇಪರ್‌ಗೆ ಬದಲಿ ಎಂದು ತೀರ್ಮಾನಿಸುವುದು ವಿಶ್ವವಿದ್ಯಾಲಯದ ಶೈಕ್ಷಣಿಕ ಮಂಡಳಿ. ಕುಮಟಾ, ಹೊನ್ನಾವರ ಕಡೆಯ ಪದವಿ ಕಾಲೇಜುಗಳು ಸಾಮಾನ್ಯವಾಗಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದವು. ಅಂದರೆ ಪ್ರಾಂಶುಪಾಲರಿಗೆ ಎಷ್ಟೇ ಮನಸ್ಸಿದ್ದರೂ ಕೊನೆಯ ಮಾತು ಧಾರವಾಡದ್ದು.

ಅಕೌಂಟಿಂಗ್ ವಿಷಯದಲ್ಲಿ ಇನ್ನೊಂದು ತೊಡಕಿದೆ. ಸ್ವಯಂನಲ್ಲಿ ಐಐಟಿ ಬಾಂಬೆಯ ಫೈನಾನ್ಶಿಯಲ್ ಅಕೌಂಟಿಂಗ್ ಕೋರ್ಸ್ ಇದೆ, ಎನ್‌ಪಿಟೆಲ್ ಮೂಲಕ ನಡೆಯುವಂಥದ್ದು. 12 ವಾರದ ಎನ್‌ಪಿಟೆಲ್ ಕೋರ್ಸಿಗೆ 3 ಕ್ರೆಡಿಟ್ ಲೆಕ್ಕ, 8 ವಾರಕ್ಕೆ 2, 4 ವಾರಕ್ಕೆ 1. ನಿಮ್ಮ ಬಿಕಾಂನ ಪೇಪರ್ 4 ಕ್ರೆಡಿಟ್‌ನದಾದರೆ ಉಳಿದ ಒಂದನ್ನು ಎಲ್ಲಿಂದ ತರುತ್ತೀರಿ? ಜೊತೆಗೆ ಅಕೌಂಟಿಂಗ್ ಬಿಕಾಂನ ಬೆನ್ನೆಲುಬು. ಐಚ್ಛಿಕ ಪೇಪರ್‌ಗೆ ಬದಲಿ ಕೊಡುವಷ್ಟು ಸಲೀಸಾಗಿ ಇದಕ್ಕೆ ಕೊಡಲು ಯಾವ ಅಧ್ಯಯನ ಮಂಡಳಿಯೂ ಮುಂದಾಗಲಾರದು ಅನ್ನುವುದು ನನ್ನ ಅಂದಾಜು. ಅದರಲ್ಲಿ ತಪ್ಪೂ ಕಾಣುವುದಿಲ್ಲ.

ಸೀನಿಯರ್‌ಗಳ ಮಾತನ್ನೂ ಸ್ವಲ್ಪ ತಡೆದು ಕೇಳಿ. ಕರ್ನಾಟಕ 2021ರಲ್ಲಿ ಎನ್‌ಇಪಿ ಪದ್ಧತಿಗೆ ಹೋಯಿತು, 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಅವರ ಸಿಲೆಬಸ್‌ನಲ್ಲಿ ನಡೆದದ್ದು ನಿಮ್ಮದರಲ್ಲಿ ನಡೆಯಬೇಕೆಂದಿಲ್ಲ.

ಇನ್ನು ‘ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್’, ಅಂದರೆ ಎಬಿಸಿ. 2021ರ ಜುಲೈನಲ್ಲಿ ಬಂದ ಇದನ್ನು ಬಹಳ ಜನ ತಪ್ಪಾಗಿ ತಿಳಿದಿದ್ದಾರೆ. ಡಿಜಿಲಾಕರ್‌ನಲ್ಲಿ ಖಾತೆ ತೆರೆದ ತಕ್ಷಣ ಸರ್ಟಿಫಿಕೇಟ್ ಅಪ್‌ಲೋಡ್ ಮಾಡಿಬಿಡಬಹುದು ಅಂದುಕೊಳ್ಳುತ್ತಾರೆ. ಆಗುವುದಿಲ್ಲ. ಇದು ಸಂಬಳದ ಖಾತೆ ಇದ್ದ ಹಾಗೆ. ಖಾತೆ ನಿಮ್ಮದು, ಜಮಾ ಮಾಡುವವರು ಬೇರೆ. ನೋಂದಾಯಿತ ಸಂಸ್ಥೆ ಹಾಕಿದ ಕ್ರೆಡಿಟ್ ಮಾತ್ರ ಅಲ್ಲಿ ಕಾಣುತ್ತದೆ, ಅದೂ ಗರಿಷ್ಠ 7 ವರ್ಷ. ಪದವಿಗೆ ಬೇಕಾದ ಕ್ರೆಡಿಟ್‌ಗಳಲ್ಲಿ ಕನಿಷ್ಠ ಅರ್ಧವನ್ನು ಪದವಿ ಕೊಡುವ ವಿಶ್ವವಿದ್ಯಾಲಯದಲ್ಲೇ ಗಳಿಸಿರಬೇಕು ಎಂಬ ಷರತ್ತೂ ಇದೆ.

ಸ್ವಯಂ ಕೋರ್ಸೇ ಮಾಡುವುದಾದರೆ ಪಾಠ ಉಚಿತ, ದುಡ್ಡು ಪರೀಕ್ಷೆಗೆ ಮಾತ್ರ. ಎನ್‌ಪಿಟೆಲ್‌ನಲ್ಲಿ ಅಸೈನ್‌ಮೆಂಟ್‌ಗೆ 25, ಪರೀಕ್ಷೆಗೆ 75 ಅಂಕ. ಪರೀಕ್ಷೆ ಮನೆಯಲ್ಲಿ ಕೂತು ಬರೆಯುವಂಥದ್ದಲ್ಲ, ಕೇಂದ್ರಕ್ಕೆ ಹೋಗಬೇಕು. ನಮ್ಮ ಕರಾವಳಿಯವರಿಗೆ ಅದು ಹುಬ್ಬಳ್ಳಿಯೋ ಮಂಗಳೂರೋ ಆದರೆ ಪ್ರಯಾಣದ ಖರ್ಚು, ಒಂದು ದಿನ ಎರಡನ್ನೂ ಸೇರಿಸಿ ಲೆಕ್ಕ ಹಾಕಿ. ಜುಲೈ ಸೆಮಿಸ್ಟರ್‌ನ ಅಸೈನ್‌ಮೆಂಟ್‌ಗಳಲ್ಲಿ ಕೆಲವು ಸರಿಯಾಗಿ ಮಳೆಗಾಲದಲ್ಲೇ ಬರುತ್ತವೆ. ರೆಡ್ ಅಲರ್ಟ್ ಅಂತ ಜಿಲ್ಲಾಡಳಿತ ಕಾಲೇಜಿಗೆ ರಜೆ ಕೊಟ್ಟರೂ, ಕರೆಂಟ್ ಹೋಗಿ ನೆಟ್‌ವರ್ಕ್ ಸತ್ತರೂ, ಪೋರ್ಟಲ್‌ನ ಗಡುವು ನಿಲ್ಲುವುದಿಲ್ಲ. 12 ವಾರದ ಕೋರ್ಸಿನಲ್ಲಿ ಅತ್ಯುತ್ತಮ 8 ಅಸೈನ್‌ಮೆಂಟ್ ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ ಎಂಬುದು ಪುಣ್ಯ.

ಇಷ್ಟೆಲ್ಲಾ ಮಾಡುವ ಮೊದಲು ಕಾಲೇಜಿಗೆ ಒಂದು ಅರ್ಜಿ ಕೊಡಿ. ಕೋರ್ಸಿನ ಹೆಸರು, ನಡೆಸುವ ಸಂಸ್ಥೆ, ಎಷ್ಟು ವಾರ, ಎಷ್ಟು ಕ್ರೆಡಿಟ್, ನಿಮ್ಮ ಯಾವ ಸೆಮಿಸ್ಟರ್‌ನ ಯಾವ ಪೇಪರ್‌ಗೆ ಬದಲಿ, ಇಷ್ಟು ಬರೆದು ಜೊತೆಗೆ ಸಿಲೆಬಸ್ ಲಗತ್ತಿಸಿ. ಉತ್ತರವನ್ನು ಬರಹದಲ್ಲೇ ಕೇಳಿ. ‘ನೋಡೋಣ, ಮಾಡಿ’ ಎಂಬ ಬಾಯಿಮಾತು ಪರೀಕ್ಷಾ ವಿಭಾಗದಲ್ಲಿ ನಡೆಯುವುದಿಲ್ಲ. ಸೆಮಿಸ್ಟರ್ ಶುರುವಾದ ಮೇಲೆ ಕೇಳಿದರೆ ತಡವಾಯಿತು, ಕೋರ್ಸ್ ಮುಗಿಸಿ ಕೇಳಿದರಂತೂ ಮುಗಿದೇ ಹೋಯಿತು.

ಆ ಹುಡುಗಿಯ ಸರ್ಟಿಫಿಕೇಟ್‌ಗೆ ಹಿಂದಿನಿಂದ ಕ್ರೆಡಿಟ್ ಹಚ್ಚುವ ದಾರಿ ನನಗೆ ಕಾಣಲಿಲ್ಲ. ಬಯೋಡೇಟಾದಲ್ಲಿ ಹಾಕು, ಕಲಿತದ್ದು ಪೇಪರ್ ಬರೆಯೋಕೆ ಆಗುತ್ತೆ ಎಂದೆ. ಮುಂದಿನ ಸೆಮಿಸ್ಟರ್‌ನ ಒಂದು ಐಚ್ಛಿಕ ಪೇಪರ್‌ಗೆ ಸ್ವಯಂ ಕೋರ್ಸ್ ಕೇಳಿ ಈಗ ಅರ್ಜಿ ಕೊಟ್ಟಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ.